‘ಮತ್ತು ಸಂಗಡಿಗರು’ ಅಂದರೆ ಯಾರು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ಹೊನ್ನಾವರ ತಾಲ್ಲೂಕಿನ ಒಂದು ಹಳ್ಳಿಯವಳು. ನರ್ಸಿಂಗ್ ಓದಿ 1987ರಲ್ಲಿ ಅಮೆರಿಕಕ್ಕೆ ಬಂದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರಕ್ಕೆ ವಲೇಹೊ ಎಂಬ ಊರಿದೆ. ಅಲ್ಲೇ ಕೆಲಸ ಮಾಡಿ, ಅಲ್ಲೇ ನಿವೃತ್ತಳಾದೆ. ತಮ್ಮ ಪತ್ರಿಕೆಯನ್ನು ದಿನವೂ ಐಪ್ಯಾಡಿನಲ್ಲಿ ಓದುತ್ತೇನೆ. ನಮಗಿಲ್ಲಿ ಸಂಜೆ ಒಲೆ ಹಚ್ಚುವ ಹೊತ್ತಿಗೆ ನಿಮ್ಮ ಮಾರನೇ ದಿನದ ಸಂಚಿಕೆ ಬಂದಿರುತ್ತದೆ. ಪತ್ರಿಕೆಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಕೊನೆಯ ಪ್ಯಾರಾ ಮಾತ್ರ ಬಿಡಬೇಡಿ.

ಇದೇ ವಲೇಹೊದಲ್ಲಿ ಬೆಳೆದ ಸ್ಲೈ ಸ್ಟೋನ್ ಎಂಬ ಸಂಗೀತಗಾರರು 2025ರ ಜೂನ್ 9ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. 82 ವರ್ಷವಾಗಿತ್ತು. ಅದಾದ ಮೇಲೆ ತಮ್ಮ ಒಳಪುಟದಲ್ಲಿ ಆರೇಳು ಸಾಲಿನ ಸುದ್ದಿ ಬಂತು, ಜೊತೆಗೆ ಒಂದು ಹಳೆಯ ಫೋಟೊ. ಫೋಟೊದಲ್ಲಿ ಏಳು ಜನ ಇದ್ದಾರೆ, ಐವರು ಗಂಡಸರು, ಇಬ್ಬರು ಹೆಂಗಸರು. ಕೆಳಗೆ ‘ಸ್ಲೈ ಸ್ಟೋನ್ ಮತ್ತು ಸಂಗಡಿಗರು’ ಎಂದು ಬರೆದಿತ್ತು. ನನಗೂ ಮೊದಲು ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕನ್ನಡದ ಪತ್ರಿಕೆಯಲ್ಲಿ ನಮ್ಮೂರಿನ ಸಂಗೀತಗಾರರ ಸುದ್ದಿ ಬಂದಿದೆಯಲ್ಲ ಎಂಬ ಖುಷಿಯಲ್ಲಿ ಐಪ್ಯಾಡ್ ಹಿಡಿದುಕೊಂಡು ಪಕ್ಕದ ಮನೆಗೇ ಹೋದೆ.

ಪಕ್ಕದ ಮನೆಯ ಹಿರಿಯರು ಇಲ್ಲಿನ ಮೇರ್ ಐಲ್ಯಾಂಡ್ ನೌಕಾ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. 1996ರಲ್ಲಿ ಕಟ್ಟೆ ಮುಚ್ಚುವ ತನಕ ಅಲ್ಲೇ ದುಡಿದರು. ಕರಿಯ ಜನಾಂಗದವರು, ವಯಸ್ಸು 78. ಹುಟ್ಟಿ ಬೆಳೆದದ್ದೆಲ್ಲ ಇದೇ ಊರಲ್ಲಿ. ಅವರ ಗ್ಯಾರೇಜಿನಲ್ಲಿ ಕಾರಿಗಿಂತ ಹೆಚ್ಚು ಜಾಗ ಎಲ್‌ಪಿ ತಟ್ಟೆಗಳದ್ದು. ಸುದ್ದಿಯನ್ನು ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ, ಅವರು ತಲೆಯಾಡಿಸುತ್ತ ಕೇಳಿದರು. ಫೋಟೊದ ಕೆಳಗಿನ ಸಾಲಿಗೆ ಬಂದಾಗ ‘ಹೆಸರು ಹಾಕಲಿಲ್ಲವಾ?’ ಎಂದರು. ಇಲ್ಲ, ಸಂಗಡಿಗರು ಎಂದು ಒಟ್ಟಿಗೆ ಬರೆದಿದ್ದಾರೆ ಎಂದೆ. ಅವರು ಕನ್ನಡಕ ಹಾಕಿಕೊಂಡು, ನನ್ನ ಕೈಯಿಂದ ಐಪ್ಯಾಡ್ ತೆಗೆದುಕೊಂಡು, ಒಂದೊಂದು ಮುಖದ ಮೇಲೂ ಬೆರಳಿಟ್ಟು ಏಳೂ ಹೆಸರು ಹೇಳಿದರು. ದೇವಸ್ಥಾನದಲ್ಲಿ ಮನೆಯವರ ಹೆಸರು, ನಕ್ಷತ್ರ ಹೇಳಿ ಪೂಜೆ ಮಾಡಿಸುತ್ತೇವಲ್ಲ, ಹಾಗಿತ್ತು ಅವರು ಹೇಳಿದ ರೀತಿ. ಆಮೇಲೆ ‘ಇದನ್ನು ಅವರಿಗೆ ಬರೆ’ ಎಂದರು. ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ. ಈ ಪತ್ರ ಆ ಮಾತಿನದು.

ಸುದ್ದಿಯಲ್ಲಿದ್ದದ್ದು ಸುಳ್ಳೇನಲ್ಲ. ಮಾದಕ ವ್ಯಸನ, ಕಾರ್ಯಕ್ರಮಕ್ಕೆ ತಡವಾಗಿ ಬರುತ್ತಿದ್ದದ್ದು, ಎಷ್ಟೋ ಸಲ ಬಾರದೇ ಇದ್ದದ್ದು, ಮುಪ್ಪಿನಲ್ಲಿ ವ್ಯಾನಿನಲ್ಲಿ ದಿನ ಕಳೆದದ್ದು ಎಲ್ಲ ಇತ್ತು. ಸಂಗೀತದ ಬಗ್ಗೆ ಇದ್ದದ್ದು ‘ಖ್ಯಾತ ಪಾಪ್ ಗಾಯಕ’ ಎಂಬ ಮೂರು ಪದ. ಆದರೆ ಅವರನ್ನು ಐವತ್ತೈದು ವರ್ಷಗಳಿಂದ ಜನ ಬಿಡದೆ ಕೇಳುತ್ತಿರುವುದು ಆ ವ್ಯಾನಿಗಾಗಿ ಅಲ್ಲವಲ್ಲ. ಹಾಗಾದರೆ ಯಾವುದಕ್ಕಾಗಿ ಎಂದು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಸಂಗೀತ ಕಲಿತವಳಲ್ಲ. ಕೇಳುತ್ತ ಬಂದವಳು.

ಕೇಳಲು ಶುರುವಾದದ್ದು ಜಗಳದಿಂದ. 1993ರಲ್ಲಿ ಈ ಮನೆ ಕೊಂಡೆವು. ನನಗೆ ಆಗ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು, ಚಾ ಕುಡಿದು ಮಲಗುವವಳು. ಇಲ್ಲಿನ ಮನೆಗಳಿಗೆ ನಮ್ಮ ಕಲ್ಲಿನ ಗೋಡೆಯಿಲ್ಲ, ಎಲ್ಲ ಮರದ ಚೌಕಟ್ಟು. ಶನಿವಾರ ಹತ್ತು ಗಂಟೆಗೆ ಪಕ್ಕದ ಗ್ಯಾರೇಜಿನಿಂದ ಧಂ, ಧಂ ಎಂದು ಬಡಿತ ಶುರುವಾಗುತ್ತಿತ್ತು. ಹಾಡು ಕೇಳುತ್ತಿರಲಿಲ್ಲ, ಬಡಿತ ಮಾತ್ರ ಗೋಡೆಯೊಳಗೆ ಹರಿದು ನನ್ನ ತಲೆದಿಂಬಿಗೆ ಬರುತ್ತಿತ್ತು. ಎರಡು ಶನಿವಾರ ತಡೆದುಕೊಂಡೆ. ಮೂರನೇ ಶನಿವಾರ ಹೋಗಿ, ನಾನು ರಾತ್ರಿಯಿಡೀ ನಿಂತು ಬಂದವಳು ಎಂದೆ. ಅವರು ಆಗಲೇ ಸೂಜಿ ಎತ್ತಿಟ್ಟು ಕ್ಷಮೆ ಕೇಳಿದರು. ಅಂದಿನಿಂದ ಅವರ ಸಂಗೀತ ಸಂಜೆಗೆ ಹೋಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ. ಅದೇ ಬಡಿತ ಬಂತು. ಈ ಸಲ ನಿದ್ದೆಗೆಟ್ಟ ಸಿಟ್ಟು ಇರಲಿಲ್ಲವಾದ್ದರಿಂದ ಸುಮ್ಮನೆ ಕೇಳಿದೆ. ಮಿಕ್ಸಿ ನಿಲ್ಲಿಸಿದೆ. ಚರ್ಮಕ್ಕೆ ಹೆಬ್ಬೆರಳಿನಿಂದ ಪೆಟ್ಟು ಕೊಟ್ಟು, ಕೂಡಲೇ ಇನ್ನೊಂದು ಬೆರಳಿನಿಂದ ಛಟ್ಟನೆ ಎತ್ತಿದ ಹಾಗೆ. ನನ್ನ ಅಪ್ಪ ಆಟದ ಹುಚ್ಚಿನವರು. ಯಕ್ಷಗಾನ ಎಲ್ಲೇ ಇರಲಿ, ಗದ್ದೆ ದಾಟಿ, ಹೊಳೆ ದಾಟಿ ಹೋಗುವವರು, ಜೊತೆಗೆ ನನ್ನನ್ನೂ ಕರೆದೊಯ್ಯುವವರು. ರಂಗಸ್ಥಳ ಇನ್ನೂ ಕಾಣದ ದೂರದಲ್ಲೇ ಪೀಠಿಕೆಯ ಚಂಡೆ ಕೇಳಿ, ಇವತ್ತು ಕೂತಿರುವುದು ಇಂಥವರು, ಕೈ ತಿಳಿಯುತ್ತದೆ ಎನ್ನುತ್ತಿದ್ದರು. ಆ ಗುರುತು ಹಿಡಿಯುವ ಕಿವಿ ನನಗೆ ಅಪ್ಪನಿಂದ ಬಂದ ಆಸ್ತಿ. ಹಿಟ್ಟಿನ ಕೈ ತೊಳೆದು ಪಕ್ಕದ ಮನೆಗೆ ಹೋಗಿ, ಆ ಚರ್ಮವಾದ್ಯ ಯಾವುದು, ಬಾರಿಸುವವರು ಯಾರು ಎಂದು ಕೇಳಿದೆ. ಅವರು ಜೋರಾಗಿ ನಕ್ಕು, ಅದು ಚರ್ಮವಾದ್ಯವೇ ಅಲ್ಲ, ಬೇಸ್ ಗಿಟಾರ್, ತಂತಿ ಎಂದರು. ಕಾರಿನ ಬಾನೆಟ್ಟಿನ ಮೇಲೆ ಹೆಬ್ಬೆರಳು ಬಡಿದು ತೋರಿಸಿದರು. ಬಾರಿಸಿದವರ ಹೆಸರು ಲ್ಯಾರಿ ಗ್ರಹಾಂ. ತಂಡದ ಹೆಸರು ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್.

ಲ್ಯಾರಿ ಗ್ರಹಾಂ ಆ ಪೆಟ್ಟನ್ನು ಕಲಿತ ಬಗೆ ಕೇಳಿದರೆ ನಮ್ಮ ಮೇಳದ ಕತೆಯಂತೆಯೇ ಇದೆ. ಅವರ ತಾಯಿ ಡೆಲ್ ಗ್ರಹಾಂ ಪಿಯಾನೊ ನುಡಿಸಿ ಹಾಡುವವರು. ಹುಡುಗ ಲ್ಯಾರಿ ತಾಯಿಯ ಜೊತೆ ಗಿಟಾರ್ ಹಿಡಿದು ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ. ಕಾಲಿನಿಂದ ಆರ್ಗನ್ನಿನ ಪೆಡಲ್ ಒತ್ತಿ ಕೆಳಸ್ವರವನ್ನೂ ತಾನೇ ಕೊಡುತ್ತಿದ್ದ. ಆರ್ಗನ್ ಕೆಟ್ಟಿತು. ಸದ್ಯಕ್ಕೆ ಇರಲಿ ಎಂದು ಒಂದು ಬೇಸ್ ಗಿಟಾರ್ ಬಾಡಿಗೆಗೆ ತಂದ. ಆಮೇಲೆ ಡ್ರಮ್ಸ್ ಬಾರಿಸುವವರೂ ಇಲ್ಲವಾದರು. ತಾಯಿ ಇನ್ನು ಇಬ್ಬರೇ ಸಾಕು ಎಂದರು. ತಾಳವಿಲ್ಲದೆ ಹೇಗೆ ನಡೆದೀತು? ದೊಡ್ಡ ಡ್ರಮ್ಮಿನ ಪೆಟ್ಟಿಗೆ ಬದಲಾಗಿ ತಂತಿಗೆ ಹೆಬ್ಬೆರಳಿನಿಂದ ಬಡಿದ, ಚಿಕ್ಕ ಡ್ರಮ್ಮಿನ ಛಟ್ ಸದ್ದಿಗೆ ಬದಲಾಗಿ ಬೆರಳಿನಿಂದ ತಂತಿ ಎಳೆದು ಬಿಟ್ಟ. ಇವತ್ತು ಜಗತ್ತಿನಲ್ಲಿ ಬೇಸ್ ಗಿಟಾರ್ ಕಲಿಯುವ ಮಕ್ಕಳೆಲ್ಲ ಅಭ್ಯಾಸ ಮಾಡುವ ‘ಸ್ಲ್ಯಾಪ್’ ಎಂಬ ಕ್ರಮ ಒಬ್ಬ ಮಗ ತಾಯಿಯ ಹಾಡಿಗೆ ತಾಳ ಕಡಿಮೆಯಾಗದಿರಲಿ ಎಂದು ಕಂಡುಕೊಂಡದ್ದು. ಇಲ್ಲದ ಮದ್ದಳೆಯನ್ನು ತಂತಿಯ ಮೇಲೆ ತಂದದ್ದು. ನನಗೆ ಅದು ಚರ್ಮವಾದ್ಯ ಎಂದು ಕೇಳಿಸಿದ್ದು ಕಿವಿಯ ತಪ್ಪಲ್ಲ.

ಇನ್ನೂ ಒಂದು ಸಂಗತಿ ಇದೆ, ನನಗೆ ತುಂಬ ಪ್ರೀತಿಯದು. ಸ್ಲೈ ಸ್ಟೋನ್ ಆಗ ಸ್ಯಾನ್‌ಫ್ರಾನ್ಸಿಸ್ಕೊದ ಕೆಎಸ್‌ಒಎಲ್ ರೇಡಿಯೊದಲ್ಲಿ ಹಾಡು ಹಾಕುವ ಕೆಲಸದಲ್ಲಿದ್ದರು. ತಾಯಿ ಮಗ ನುಡಿಸುವುದನ್ನು ಕೇಳಲು ಬರುತ್ತಿದ್ದ ಒಬ್ಬ ಹೆಂಗಸು ಸ್ಲೈ ಅವರ ಕಾರ್ಯಕ್ರಮದ ಕೇಳುಗಳೂ ಆಗಿದ್ದಳು. ಆಕೆ ರೇಡಿಯೊ ಕೇಂದ್ರಕ್ಕೆ ಮೇಲಿಂದ ಮೇಲೆ ಫೋನ್ ಮಾಡಿ, ಈ ಹುಡುಗನ ಕೈ ನೀವು ಒಮ್ಮೆ ಬಂದು ಕೇಳಲೇಬೇಕು ಎಂದು ಹಟ ಹಿಡಿದಳು. ಕೊನೆಗೆ ಸ್ಲೈ ಹೋದರು, ಕೇಳಿದರು, ತಮ್ಮ ತಂಡಕ್ಕೆ ಕರೆದರು. ಇದನ್ನು ಲ್ಯಾರಿ ಗ್ರಹಾಂ ಅವರೇ ಹೇಳಿಕೊಂಡಿದ್ದಾರೆ. ಆಕೆ ಹಾಡಿದವಳಲ್ಲ, ನುಡಿಸಿದವಳಲ್ಲ, ಕೇಳಿದವಳು. ಅಭಿಮಾನಿ ಅಂದರೆ ಕಟೌಟಿಗೆ ಹಾಲೆರೆಯುವವರು ಎಂದು ಬರೆಯುವ ನಮ್ಮ ಪತ್ರಿಕೆಗಳಿಗೆ ಈ ಹೆಂಗಸಿನ ಸುದ್ದಿ ಮುಟ್ಟಲಿ ಎಂದು ಎರಡು ಸಾಲು ಹೆಚ್ಚು ಬರೆದೆ.

ಸ್ಲೈ ಹುಟ್ಟಿದ್ದು 1943ರಲ್ಲಿ ಟೆಕ್ಸಸ್‌ನ ಡೆಂಟನ್‌ನಲ್ಲಿ, ಬೆಳೆದದ್ದು ವಲೇಹೊದಲ್ಲಿ. ಹೆಸರು ಸಿಲ್ವೆಸ್ಟರ್ ಸ್ಟೂವರ್ಟ್. ಶಾಲೆಯಲ್ಲಿ ಯಾರೋ ಅಕ್ಷರ ಹಿಂದುಮುಂದಾಗಿ ಬರೆದದ್ದರಿಂದ ಸ್ಲೈ ಆಯಿತು. ಮನೆಮಂದಿಯೆಲ್ಲ ಚರ್ಚಿನಲ್ಲಿ ಹಾಡುವವರು. ಅಣ್ಣತಂಗಿಯರು ಸೇರಿ ‘ಸ್ಟೂವರ್ಟ್ ಫೋರ್’ ಎಂಬ ಹೆಸರಿನಲ್ಲಿ 1952ರಲ್ಲೇ ಭಕ್ತಿಗೀತೆಯ ತಟ್ಟೆ ತಂದಿದ್ದರು, ಆಗ ಸ್ಲೈಗೆ ಒಂಬತ್ತು ವರ್ಷ. ರೇಡಿಯೊದಲ್ಲಿದ್ದಾಗ ಕರಿಯರ ಸೋಲ್ ಹಾಡುಗಳ ನಡುವೆ ಬೀಟಲ್ಸ್, ಬಾಬ್ ಡಿಲನ್ ಅವರನ್ನೂ ಹಾಕುತ್ತಿದ್ದರು. ಆಗ ಹಾಗೆ ಮಾಡುವವರು ಕಡಿಮೆ. ನಮ್ಮ ಪಕ್ಕದವರು ಹೈಸ್ಕೂಲು ಹುಡುಗ, ರಾತ್ರಿ ದಿಂಬಿನಡಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೇಳುತ್ತಿದ್ದರಂತೆ. ‘ನಮ್ಮ ಓಣಿ, ಅವರ ಓಣಿ ಎಂದು ಗೆರೆ ಇದ್ದ ಕಾಲ. ರೇಡಿಯೊದಲ್ಲಿ ಆ ಗೆರೆ ಇರಲಿಲ್ಲ’ ಎನ್ನುತ್ತಾರೆ.

1966ರಲ್ಲಿ ಸ್ಲೈ ತಮ್ಮ ತಂಡವನ್ನೂ ಸೋದರ ಫ್ರೆಡ್ಡಿಯ ತಂಡವನ್ನೂ ಒಂದು ಮಾಡಿದರು. ಕರಿಯರು, ಬಿಳಿಯರು, ಹೆಂಗಸರು, ಗಂಡಸರು ಒಂದೇ ವೇದಿಕೆಯಲ್ಲಿ. ಹೆಂಗಸರು ಬರೀ ಹಿಂದೆ ನಿಂತು ಆಲಾಪ ಹಾಕುವವರಲ್ಲ. ಸಿಂಥಿಯಾ ರಾಬಿನ್ಸನ್ ಕೈಯಲ್ಲಿ ಟ್ರಂಪೆಟ್, 1968ರಲ್ಲಿ ಬಂದು ಸೇರಿದ ತಂಗಿ ರೋಸ್ ಕೈಯಲ್ಲಿ ಕೀಬೋರ್ಡ್. ಈಗ ನೋಡಿದರೆ ಇದರಲ್ಲೇನು ವಿಶೇಷ ಎನಿಸಬಹುದು. 1968 ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದ ವರ್ಷ.

ಅದೇ ವರ್ಷ ಹೆಸರು ಮಾಡಿದ ‘ಡಾನ್ಸ್ ಟು ದ ಮ್ಯೂಸಿಕ್’ ಹಾಡನ್ನು ದಯವಿಟ್ಟು ಒಮ್ಮೆ ಕೇಳಿ. ಮೂರೇ ನಿಮಿಷ. ಆ ಹಾಡಿನ ವಸ್ತುವೇ ಹಿಮ್ಮೇಳ. ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು, ಮೊದಲು ಡ್ರಮ್ಸ್ ಒಂದೇ ಬರುತ್ತದೆ. ಅದರ ಮೇಲೆ ಗಿಟಾರ್ ಬರುತ್ತದೆ. ಲ್ಯಾರಿ ಗ್ರಹಾಂ ತಮ್ಮ ತಗ್ಗಿನ ದನಿಯಲ್ಲಿ ಇನ್ನು ನಾನು ತಳ ಹಾಕುತ್ತೇನೆ ಎನ್ನುವ ಹಾಗೆ ಹಾಡಿ ಬೇಸ್ ಸೇರಿಸುತ್ತಾರೆ. ಆಮೇಲೆ ಆರ್ಗನ್. ಕೊನೆಗೆ ಸಿಂಥಿಯಾ, ಜೆರ್ರಿ ಎಂದು ಹೆಸರು ಕೂಗಿ ಟ್ರಂಪೆಟ್, ಸ್ಯಾಕ್ಸೋಫೋನ್‌ಗಳನ್ನು ಕರೆಯುತ್ತಾರೆ. ನಮ್ಮಲ್ಲಿ ಒಡ್ಡೋಲಗದಲ್ಲಿ ಪಾತ್ರಗಳು ಒಂದೊಂದಾಗಿ ಪರದೆಯಾಚೆಯಿಂದ ಬರುತ್ತವೆ. ಇಲ್ಲಿ ವಾದ್ಯಗಳಿಗೇ ಒಡ್ಡೋಲಗ. ಸ್ಲೈ ಅಷ್ಟು ಮುತುವರ್ಜಿಯಿಂದ ಹಾಡಿನೊಳಗೇ ಹೆಸರು ಕೂಗಿದ್ದನ್ನು ನಾವು ‘ಸಂಗಡಿಗರು’ ಎಂದು ಒಂದೇ ಪದದಲ್ಲಿ ಕಟ್ಟಿಹಾಕಿದೆವು. ಪಕ್ಕದವರಿಗೆ ನೋವಾದದ್ದು ಇದಕ್ಕೇ.

ಮುಂದಿನ ವರ್ಷ, 1969ರ ಫೆಬ್ರುವರಿಯಲ್ಲಿ, ‘ಎವ್ರಿಡೇ ಪೀಪಲ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದು ನಾಲ್ಕು ವಾರ ಅಲ್ಲೇ ನಿಂತಿತು. ಬಣ್ಣ, ವೇಷ, ಬದುಕುವ ರೀತಿ ಬೇರೆ ಇದ್ದರೂ ಒಟ್ಟಿಗೆ ಇರಬೇಕಲ್ಲ ಎನ್ನುವ ಹಾಡು. ಈ ಹಾಡಿನಲ್ಲಿ ಬೇಸ್ ಮೊದಲಿನಿಂದ ಕೊನೆಯ ತನಕ ನುಡಿಯುವುದು ಒಂದೇ ಸ್ವರ. ಅಷ್ಟು ಚಮತ್ಕಾರದ ಕೈ ಇದ್ದ ಲ್ಯಾರಿ ಇಲ್ಲಿ ಒಂದೇ ಸ್ವರದ ಮೇಲೆ ಕೂತುಬಿಟ್ಟಿದ್ದಾರೆ, ಭಾಗವತರ ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಕೂತ ಹಾಗೆ. ಇದನ್ನು ನನಗೆ ತೋರಿಸಿಕೊಟ್ಟದ್ದು ಪಕ್ಕದವರು. ಅದಕ್ಕೆ ಮುಂಚೆ ನೂರು ಸಲ ಕೇಳಿದ್ದರೂ ತಿಳಿದಿರಲಿಲ್ಲ. ಈಗ ಆ ಹಾಡು ಬಂದರೆ ನಾನು ಮಾತನ್ನು ಬಿಟ್ಟು ಆ ಒಂದು ಸ್ವರವನ್ನೇ ಹಿಡಿದು ಕೂರುತ್ತೇನೆ. ಮೇಲೆ ಇಷ್ಟೆಲ್ಲ ದನಿ ಓಡಾಡುತ್ತಿದ್ದರೂ ಅದು ಕದಲುವುದಿಲ್ಲ.

ವುಡ್‌ಸ್ಟಾಕ್ ಎಂಬ ಉತ್ಸವದ ಹೆಸರು ತಮ್ಮ ಓದುಗರೂ ಕೇಳಿರಬಹುದು. 1969ರ ಆಗಸ್ಟ್. ಈ ತಂಡ ವೇದಿಕೆಗೆ ಬಂದದ್ದು ಭಾನುವಾರದ ಬೆಳಗಿನ ಜಾವ ಸುಮಾರು ಮೂರೂವರೆಗೆ. ಮಳೆಯಲ್ಲಿ ನೆಂದು, ಕೆಸರಿನಲ್ಲಿ ಕೂತು, ತೂಕಡಿಸುತ್ತಿದ್ದ ಲಕ್ಷಾಂತರ ಜನ. ನಮ್ಮ ಕಡೆಯ ಓದುಗರಿಗೆ ಆ ಹೊತ್ತು ಎಂಥದು ಎಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಚಾಪೆಯ ಮೇಲೆ ಮಲಗಿರುತ್ತವೆ, ದೊಡ್ಡವರ ಕಣ್ಣು ಉರಿಯುತ್ತಿರುತ್ತದೆ, ಆಗ ಚಂಡೆಯವರು ಏರು ಪದಕ್ಕೆ ಎತ್ತಿಕೊಂಡರೆ ಚಾಪೆಯೇ ಎದ್ದು ಕೂರುತ್ತದೆ. ಆ ರಾತ್ರಿ ಸ್ಲೈ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂಬ ಪಲ್ಲವಿಯನ್ನು ಜನರ ಬಾಯಿಗೆ ಕೊಟ್ಟರು. ಕತ್ತಲೆಯಿಂದ ಆ ಒಂದೇ ಮಾತು ಅಲೆಯಾಗಿ ವಾಪಸು ಬಂತು. ಡ್ರಮ್ಸ್‌ನಲ್ಲಿದ್ದ ಗ್ರೆಗ್ ಎರಿಕೊಗೆ ಆಗ 20 ವರ್ಷ. ಅದೇ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಉತ್ಸವದಲ್ಲೂ ಇವರು ನುಡಿಸಿದ್ದರು. ಅದರ ಚಿತ್ರೀಕರಣದ ಬಹುಪಾಲು ಸುಮಾರು ಐವತ್ತು ವರ್ಷ ಯಾರೂ ನೋಡದೆ ಬಿದ್ದಿತ್ತು. 2021ರಲ್ಲಿ ‘ಸಮ್ಮರ್ ಆಫ್ ಸೋಲ್’ ಎಂಬ ಸಾಕ್ಷ್ಯಚಿತ್ರವಾಗಿ ಬಂದು ಆಸ್ಕರ್ ಪಡೆಯಿತು. ಅದನ್ನು ಪಕ್ಕದವರ ಮನೆಯಲ್ಲೇ ನೋಡಿದೆವು. ಸಿಂಥಿಯಾ ಟ್ರಂಪೆಟ್ ಎತ್ತಿದಾಗ ಪಕ್ಕದವರ ಹೆಂಡತಿ ಕುರ್ಚಿಯಿಂದ ಎದ್ದು ನಿಂತರು. ಅವರಿಗೆ ಮಂಡಿ ನೋವು, ಎದ್ದು ನಿಲ್ಲುವುದು ಸುಲಭವಲ್ಲ.

ಸಿಂಥಿಯಾ ಅವರ ಬಗ್ಗೆ ಬೇರೆಯಾಗಿ ಹೇಳಬೇಕು. ತುತ್ತೂರಿ ಊದುವುದು ಹುಡುಗಿಯರ ಕೆಲಸವಲ್ಲ ಎಂಬ ಕಾಲದಲ್ಲಿ ಬೆಳೆದವರು. ಆ ದೊಡ್ಡ ತಂಡದಲ್ಲಿ ಜನರನ್ನು ಎಬ್ಬಿಸಿ ಕುಣಿಯಲು ಕರೆಯುವ ಗಂಟಲು ಅವರದೇ. ಮೂಲ ತಂಡ ಒಡೆದ ಮೇಲೂ ಸ್ಲೈ ಜೊತೆ ಬಹಳ ವರ್ಷ ನುಡಿಸಿದವರು. 2015ರ ನವೆಂಬರ್ 23ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆ ಸಂಜೆ ಪಕ್ಕದವರ ಗ್ಯಾರೇಜಿನಲ್ಲಿ ಹಾಡೇ ಇರಲಿಲ್ಲ. ಏನಾದರೂ ಆರೋಗ್ಯ ಕೆಟ್ಟಿದೆಯೋ ಎಂದು ನೋಡಲು ಹೋದೆ. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಮೇಜಿನ ಎದುರು ಸುಮ್ಮನೆ ಕೂತಿದ್ದರು. ಅವರಿಗೂ ಸಿಂಥಿಯಾ ಅವರಿಗೂ ಮುಖಪರಿಚಯ ಕೂಡ ಇರಲಿಲ್ಲ.

ಇನ್ನು ವ್ಯಸನದ ಮಾತು. ನಾನು ಅದನ್ನು ಮುಚ್ಚಿಡಿ ಎನ್ನುವುದಿಲ್ಲ. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತವಳು ನಾನು, ಅದು ಮನುಷ್ಯನನ್ನು ಹೇಗೆ ತಿನ್ನುತ್ತದೆ ಎಂದು ನೋಡಿದ್ದೇನೆ. ಸ್ಲೈ 2023ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಎಲ್ಲವನ್ನೂ ತಾವೇ ಬರೆದಿದ್ದಾರೆ, 2019ರಲ್ಲಿ ವೈದ್ಯರ ಎಚ್ಚರಿಕೆಯ ಮಾತಿಗೆ ಬಿಟ್ಟದ್ದನ್ನೂ. ನಿಮ್ಮ ಸುದ್ದಿಯಲ್ಲಿ ಬಿದ್ದದ್ದು ಇತ್ತು, ಬಿಟ್ಟದ್ದು ಇರಲಿಲ್ಲ. ಬೀಳುತ್ತಿದ್ದ ಆ ದಿನಗಳಲ್ಲೇ, 1971ರಲ್ಲಿ, ‘ದೇರ್ಸ್ ಎ ರಯಟ್ ಗೋಯಿನ್ ಆನ್’ ಎಂಬ ತಟ್ಟೆ ಬಂತು ಎನ್ನುವುದೂ ಇರಲಿಲ್ಲ. ಮೊದಲಿನ ಸಂಭ್ರಮ ಅದರಲ್ಲಿ ಇಲ್ಲ. ಗ್ರೆಗ್ ಎರಿಕೊ ತಂಡ ಬಿಟ್ಟಿದ್ದರು. ಸ್ಲೈ ಒಂದು ತಾಳದ ಯಂತ್ರ ಇಟ್ಟುಕೊಂಡು, ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ದನಿ ತುಂಬಿಸಿ, ಆ ಟೇಪು ಸವೆದು, ಹಾಡೆಲ್ಲ ಮಬ್ಬು ಮಬ್ಬಾಗಿ ಕೇಳಿಸುತ್ತದೆ. ದೀಪ ಆರಿಸಿದ ಕೋಣೆಯಿಂದ ಯಾರೋ ಪಿಸುಗುಟ್ಟಿದ ಹಾಗೆ. ಆದರೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ಕಾರಿನಲ್ಲಿ ಹಾಕುತ್ತಿದ್ದದ್ದು ಇದೇ. ಕಳೆದ ರಾತ್ರಿ ಯಾರನ್ನಾದರೂ ಕಳೆದುಕೊಂಡಿದ್ದರೆ ಬೇರೆ ಯಾವ ಸಂಗೀತವೂ ಹಿಡಿಸುತ್ತಿರಲಿಲ್ಲ.

ಈ ಪ್ರೀತಿ ಒಂದು ತಂಡಕ್ಕೆ ಸೀಮಿತವಲ್ಲ. ತಾಳವೇ ಮುಂದಾಗಿರುವ ಫಂಕ್ ಮತ್ತು ರಾಕ್ ಕೂಡಿದ ಈ ಸಂಗೀತದ ಇನ್ನೊಂದು ದೊಡ್ಡ ಮನೆ ಜಾರ್ಜ್ ಕ್ಲಿಂಟನ್ ಅವರ ಫಂಕಡೆಲಿಕ್ ಮತ್ತು ಪಾರ್ಲಿಮೆಂಟ್. ಕ್ಲಿಂಟನ್ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ಕ್ಷೌರದಂಗಡಿಯಲ್ಲಿದ್ದವರು, ಅಲ್ಲೇ ಗೆಳೆಯರನ್ನು ಸೇರಿಸಿಕೊಂಡು ಹಾಡಲು ಹೊರಟವರು. 1971ರ ‘ಮ್ಯಾಗಟ್ ಬ್ರೇನ್’ನಲ್ಲಿ ಹತ್ತು ನಿಮಿಷ ಎಡ್ಡಿ ಹೇಝಲ್ ಅವರ ಗಿಟಾರ್ ಅಳುತ್ತದೆ. ನಿನ್ನ ತಾಯಿ ಸತ್ತ ಸುದ್ದಿ ಬಂದಿದೆ ಎಂದುಕೊಂಡು ನುಡಿಸು ಎಂದು ಕ್ಲಿಂಟನ್ ಹೇಳಿದ್ದರಂತೆ. ಅವರ ವೇದಿಕೆಗೆ ಮೇಲಿನಿಂದ ಇಳಿದು ಬರುತ್ತಿದ್ದ ‘ಮದರ್‌ಶಿಪ್’ ಎಂಬ ಅಂತರಿಕ್ಷ ನೌಕೆಯನ್ನು 1990ರ ದಶಕದಲ್ಲಿ ಮತ್ತೆ ಕಟ್ಟಿದರು. ಅದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಮಗಳ ಮನೆಗೆ ಹೋದಾಗ ನೋಡಿ ಬಂದೆ. ಅದರ ಮುಂದೆ ಬಿಳಿಗೂದಲಿನ ಮುದುಕರೊಬ್ಬರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ನಮ್ಮ ವಲೇಹೊದಿಂದಲೂ ಕಾನ್ ಫಂಕ್ ಶನ್ ಎಂಬ ತಂಡ ಬೆಳೆದು ಬಂದಿದೆ, ಇಲ್ಲಿನ ಹೈಸ್ಕೂಲಿನ ಹುಡುಗರು ಕಟ್ಟಿದ್ದು. ಚಿಕ್ಕ ಊರಿಗೆ ಅದು ಚಿಕ್ಕ ಹೆಮ್ಮೆಯಲ್ಲ.

ಹುಡುಗರಿಗೆ ಇದೆಲ್ಲ ಹಳೆಯದಲ್ಲವೇ ಎಂದು ನೀವು ಕೇಳಬಹುದು. ಹುಡುಗರು ತಿಳಿಯದೆಯೇ ಇದನ್ನು ಕೇಳುತ್ತಿದ್ದಾರೆ. ಜಾನೆಟ್ ಜಾಕ್ಸನ್ ಅವರ 1989ರ ‘ರಿದಮ್ ನೇಷನ್’ ಹಾಡಿನ ಬುಡದಲ್ಲಿರುವುದು ಸ್ಲೈ ತಂಡದ ಒಂದು ಹಾಡಿನ ತುಣುಕು. ರ‍್ಯಾಪ್ ಹಾಡುವವರು ಗ್ರೆಗ್ ಎರಿಕೊ ಬಾರಿಸಿದ ಡ್ರಮ್ಸ್ ತುಣುಕುಗಳನ್ನು ಎಷ್ಟು ಹಾಡಿಗೆ ಅಡಿಪಾಯ ಮಾಡಿಕೊಂಡಿದ್ದಾರೆ ಎಂದು ಎಣಿಸುವುದು ಕಷ್ಟ. ಇನ್ನು ಹುಡುಕುವವರ ಪ್ರೀತಿ ಬೇರೆ. ನೆದರ್ಲೆಂಡ್ಸ್‌ನ ಇಬ್ಬರು ಅವಳಿ ಸಹೋದರರು ಈ ಒಂದು ತಂಡದ ಬೆನ್ನು ಹತ್ತಿ ದಶಕಗಳನ್ನೇ ಕಳೆದಿದ್ದಾರೆ. 1967ರಲ್ಲಿ, ಇನ್ನೂ ಒಂದು ತಟ್ಟೆಯೂ ಬಂದಿರದ ಕಾಲದಲ್ಲಿ, ರೆಡ್‌ವುಡ್ ಸಿಟಿಯ ಒಂದು ನೈಟ್‌ಕ್ಲಬ್ಬಿನಲ್ಲಿ ತಂಡ ನುಡಿಸಿದ್ದರ ಟೇಪು ಅವರಿಗೆ ಸಿಕ್ಕಿತು. ಅದು 2025ರ ಜುಲೈನಲ್ಲಿ ತಟ್ಟೆಯಾಗಿ ಬಂತು, ಸ್ಲೈ ತೀರಿಕೊಂಡ ಮರುತಿಂಗಳು. ಪಕ್ಕದವರು ತರಿಸಿಕೊಂಡಿದ್ದಾರೆ. ಮೊದಲ ಸಲ ಹಾಕುವಾಗ ನನ್ನನ್ನೂ ಕರೆದರು. ಹೆಸರಿಲ್ಲದ ಆ ಹುಡುಗರು ಕ್ಲಬ್ಬಿನಲ್ಲಿ ಬೇರೆಯವರ ಹಾಡು ನುಡಿಸುತ್ತಿದ್ದಾರೆ. ಆದರೆ ಎರಡನೇ ನಿಮಿಷಕ್ಕೆ ಆ ಹೆಬ್ಬೆರಳು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೈ ತಿಳಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ಇದನ್ನೇ.

ಜೂನ್ 9ರ ಸಂಜೆಯನ್ನೂ ಹೇಳಿಬಿಡುತ್ತೇನೆ. ಪಕ್ಕದವರು ಸ್ಪೀಕರುಗಳನ್ನು ಗ್ಯಾರೇಜಿನಿಂದ ಎತ್ತಿ ಮನೆಯ ಮುಂದಿನ ಹುಲ್ಲಿನ ಮೇಲಿಟ್ಟರು. ಸಿಂಥಿಯಾ ಹೋದಾಗ ಸುಮ್ಮನೆ ಕೂತವರು ಈ ಸಲ ಬೀದಿಗೇ ಕೇಳಲಿ ಎಂದರು. ಎದುರು ಮನೆಯ ಫಿಲಿಪಿನೊ ಸಂಸಾರ ಕುರ್ಚಿ ತಂದಿತು. ಮೂಲೆಯ ಮನೆಯ ಮೆಕ್ಸಿಕನ್ ಹುಡುಗ ಬೇಸ್ ಗಿಟಾರ್ ಕಲಿಯುತ್ತಿದ್ದಾನೆ, ಅವನು ಸ್ಪೀಕರಿನ ಪಕ್ಕದಲ್ಲೇ ಕೂತು ಹೆಬ್ಬೆರಳು ಆಡಿಸುತ್ತಿದ್ದ. ನಾನು ಒಂದು ಪಾತ್ರೆ ಚಿತ್ರಾನ್ನ ಕಲಸಿ ಒಯ್ದೆ. ಎಂಟೂವರೆಯ ತನಕ ಬೆಳಕಿತ್ತು. ಯಾರೂ ಭಾಷಣ ಮಾಡಲಿಲ್ಲ. ಒಂದೊಂದು ಹಾಡು ಮುಗಿದಾಗಲೂ ಪಕ್ಕದವರು ಆ ಹಾಡಿನಲ್ಲಿ ಯಾರು ಏನು ನುಡಿಸಿದರು ಎಂದು ಹೆಸರು ಹೇಳಿ ಮುಂದಿನದನ್ನು ಹಾಕುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಆಕಾಶವಾಣಿಯಲ್ಲಿ ‘ಹಾಡಿದವರು ಇಂಥವರು ಮತ್ತು ಸಂಗಡಿಗರು’ ಎಂದು ಬರುತ್ತಿತ್ತು. ಅಪ್ಪ ಪ್ರತಿ ಸಲವೂ ರೇಡಿಯೊಗೆ ‘ಮದ್ದಳೆ ಯಾರದ್ದು ಮಾರಾಯಾ?’ ಎಂದು ಕೇಳುತ್ತಿದ್ದರು. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲೇ ತೀರಿಕೊಂಡರು, ಅವರ ಪದಗಳನ್ನು ನಮ್ಮ ಕಡೆ ಇವತ್ತಿಗೂ ಫೋನಿನಲ್ಲಿ ಇಟ್ಟುಕೊಂಡು ಕೇಳುತ್ತಾರೆ. ಕೇಳುವವರು ಪದದ ಜೊತೆ ದುರ್ಗಪ್ಪ ಗುಡಿಗಾರರ ಮದ್ದಳೆಯ ಮಾತನ್ನೂ ಆಡುತ್ತಾರೆ. ಅಭಿಮಾನಿಗಳು ಹೆಸರು ಮರೆತಿಲ್ಲ. ಮರೆಯುವುದು ನಾವು ಬರೆಯುವಾಗ ಮಾತ್ರ. ಆದ್ದರಿಂದ ನನ್ನ ಕೋರಿಕೆ ಎರಡು. ಸಂಗೀತಗಾರರ ಫೋಟೊ ಹಾಕಿದಾಗ, ಅವರು ಯಕ್ಷಗಾನದವರಿರಲಿ, ಸಿನಿಮಾದ ವಾದ್ಯಗೋಷ್ಠಿಯವರಿರಲಿ, ಅಮೆರಿಕದವರಿರಲಿ, ಫೋಟೊದಲ್ಲಿರುವ ಎಲ್ಲರ ಹೆಸರನ್ನೂ ಹಾಕಿ. ಜಾಗ ಸಾಲದಿದ್ದರೆ ಸುದ್ದಿಯ ಒಂದು ಸಾಲು ಬಿಡಿ. ಎರಡನೆಯದು, ಬದುಕಿರುವವರ ಬಗ್ಗೆ ಬದುಕಿರುವಾಗಲೇ ಬರೆಸಿ. ಲ್ಯಾರಿ ಗ್ರಹಾಂ ಹುಟ್ಟಿದ್ದು 1946ರಲ್ಲಿ, ಜಾರ್ಜ್ ಕ್ಲಿಂಟನ್ 1941ರಲ್ಲಿ. ಫ್ರೆಡ್ಡಿ ಸ್ಟೋನ್ ನಮ್ಮ ವಲೇಹೊದಲ್ಲೇ ಚರ್ಚಿನ ಪಾದ್ರಿಯಾದವರು.

ಆ ಫೋಟೊ ತಮ್ಮ ಸಂಗ್ರಹದಲ್ಲಿ ಉಳಿದಿರುತ್ತದೆ, ಮುಂದೆ ಎಂದಾದರೂ ಬೇಕಾದೀತು. ಅದಕ್ಕಾಗಿ, 1993ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಗೀತಗಾರರ ಗೌರವಪಟ್ಟಿಗೆ ಒಟ್ಟಿಗೆ ಸೇರಿಸಿಕೊಂಡ ಏಳೂ ಜನರ ಹೆಸರನ್ನು ಪಕ್ಕದವರಿಂದ ಮತ್ತೊಮ್ಮೆ ಹೇಳಿಸಿ, ಕನ್ನಡದಲ್ಲಿ ಹೇಗೆ ಬರೆಯಬೇಕೋ ಹಾಗೆ ಬರೆದಿದ್ದೇನೆ: ಹಾಡು ಮತ್ತು ಆರ್ಗನ್, ಸ್ಲೈ ಸ್ಟೋನ್. ಗಿಟಾರ್, ಫ್ರೆಡ್ಡಿ ಸ್ಟೋನ್. ಕೀಬೋರ್ಡ್, ರೋಸ್ ಸ್ಟೋನ್. ಟ್ರಂಪೆಟ್, ಸಿಂಥಿಯಾ ರಾಬಿನ್ಸನ್. ಸ್ಯಾಕ್ಸೋಫೋನ್, ಜೆರ್ರಿ ಮಾರ್ಟಿನಿ. ಡ್ರಮ್ಸ್, ಗ್ರೆಗ್ ಎರಿಕೊ. ಬೇಸ್ ಗಿಟಾರ್, ಲ್ಯಾರಿ ಗ್ರಹಾಂ.

ಇಂತಿ,
ತಮ್ಮ ಓದುಗಳು,
ವಲೇಹೊ, ಕ್ಯಾಲಿಫೋರ್ನಿಯಾ (ಮೂಲ: ಹೊನ್ನಾವರ ತಾಲ್ಲೂಕು)